ನಂಜು, ಉಂಡ

ಹೋದ ವರ್ಷ ನಮ್ಮ ಟೀಮಿಗೆ ಲಕ್ನೋದಿಂದ ಒಬ್ಬ ಹುಡುಗಿ ಬಂದು ಸೇರಿದಳು. ಮೊದಲ ವಾರವೇ ಎಲ್ಲರೂ ಒಟ್ಟಿಗೆ ಊಟಕ್ಕೆ ಹೊರಗೆ ಹೋಗಿದ್ದೆವು. ಅದು ಹೇಗೋ ಮಾತು ಹೆಸರುಗಳ ಕಡೆ ತಿರುಗಿತು. ಒಬ್ಬೊಬ್ಬರೂ ತಮ್ಮ ಹೆಸರಿನ ಅರ್ಥ ಹೇಳುತ್ತಾ ಬಂದರು. ಒಬ್ಬನದು ಬೆಳಗಿನ ಮೊದಲ ಕಿರಣ, ಒಬ್ಬಳದು ಮಳೆಯ ಮೊದಲ ಹನಿ, ಇನ್ನೊಬ್ಬನದು ಎಂದೂ ಸೋಲದವನು. ನನ್ನ ಸರದಿ ಬಂತು. ನನ್ನ ಹೆಸರು ನಂಜುಂಡ. ಹರುಕುಮುರುಕು ಹಿಂದಿಯಲ್ಲಿ ಅದನ್ನು ಅಲಂಕಾರ ಮಾಡಿ ಹೇಳುವಷ್ಟು ಚುರುಕು ನನಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ: ವಿಷ ತಿಂದವನು. ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಆ ಹುಡುಗಿ ಚಮಚ ಕೆಳಗಿಟ್ಟು, ತುಂಬಾ ಮೆತ್ತಗೆ, 'ಈಗ ಹುಷಾರಾಗಿದ್ದೀರಾ?' ಎಂದು ಕೇಳಿದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸಮುದ್ರಮಥನ, ಶಿವ ಎಂದೆಲ್ಲ ಬಿಡಿಸಿ ಹೇಳಿದ ಮೇಲೆ ಅವಳ ಮುಖ ತಿಳಿಯಾಯಿತು. 'ಓ, ನೀಲಕಂಠ! ಹಾಗೆ ಹೇಳಬಾರದಾ?' ಎಂದಳು. ಹೌದು, ಹಾಗೆ ಹೇಳಬಹುದಿತ್ತು. ಆದರೆ ಆ ಮಧ್ಯಾಹ್ನ ವಾಪಸ್ ಬಂದು ಕೂತ ಮೇಲೂ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಲೇ ಇತ್ತು. ನಂಜುಂಡ ಎಂದರೆ ನೀಲಕಂಠ ಅಲ್ಲ. ಇಬ್ಬರೂ ಒಬ್ಬನೇ ದೇವರು, ಕತೆಯೂ ಒಂದೇ. ಆದರೂ ಎರಡು ಹೆಸರು ಹೇಳುವುದು ಒಂದನ್ನೇ ಅಲ್ಲ. ಇನ್ನೊಂದು, 'ವಿಷ ತಿಂದವನು' ಎಂದು ನನ್ನ ಬಾಯಿಂದಲೇ ಕೇಳಿದಾಗ ನನಗೂ ಒಂಥರಾ ಆಗಿತ್ತು. ನಮ್ಮೂರ ಕಡೆ 'ಅವನು ವಿಷ ತಗೊಂಡನಂತೆ' ಎಂದರೆ ಅದು ಬೇರೆಯದೇ ಸುದ್ದಿ, ದನಿ ತಗ್ಗಿಸಿ ಹೇಳುವ ಸುದ್ದಿ. ನಲವತ್ತೆರಡು ವರ್ಷದಿಂದ ಹೊತ್ತುಕೊಂಡಿರುವ ಹೆಸರಿನಲ್ಲಿ ಒಂದು ದಿನವೂ ನನಗೆ ಆ ಸುದ್ದಿ ಕೇಳಿಸಿರಲಿಲ್ಲ. ಯಾಕೆ?

ನಂಜು ಅಂದ್ರೆ

ಯಾಕೆಂದರೆ ಕನ್ನಡದಲ್ಲಿ ನಂಜು ಬೇರೆ, ವಿಷ ಬೇರೆ. ನಿಘಂಟು ತೆರೆದರೆ ಎರಡೂ ಒಂದೇ ಅಂತ ಇರುತ್ತದೆ. ಬಾಳಿನಲ್ಲಿ ಹಾಗಲ್ಲ. ವಿಷ ಬಾಟಲಿಯಲ್ಲಿರುತ್ತದೆ, ಹಾವಿನ ಹಲ್ಲಿನಲ್ಲಿರುತ್ತದೆ, ಒಂದೇಟಿಗೆ ಕೊಲ್ಲುತ್ತದೆ. ನಂಜು ಹಾಗೆ ಒಂದೇ ಸಲ ಬರುವುದಿಲ್ಲ. ಅದು ಏರುತ್ತದೆ. ಮುಳ್ಳು ಚುಚ್ಚಿದ ಕಾಲು ಎರಡು ದಿನ ಬಿಟ್ಟು ಕೆಂಪಾಗಿ ಊದಿಕೊಂಡರೆ ಅದು ನಂಜು. ಗಾಯ ಮಾಯದೆ ಕೀವಾದರೆ ನಂಜಾಯಿತು ಅನ್ನುತ್ತೇವೆ. ಡೆಟಾಲಿನಂಥದ್ದಕ್ಕೆ ಪಠ್ಯಪುಸ್ತಕದವರು ಇಟ್ಟ ಹೆಸರೂ ನಂಜುನಿರೋಧಕ. ಬಡವರ ಮನೆಯಲ್ಲಿ, ಹೊಲದಲ್ಲಿ, ಬರಿಗಾಲಲ್ಲಿ ನಡೆಯುವವರ ನಡುವೆ ದಿನಾ ಓಡಾಡುವ ಪದ ಇದು. ದೇವಲೋಕದ ಪದ ಅಲ್ಲ.

ನಮ್ಮಜ್ಜಿಯ ಪ್ರಕಾರ ಅರ್ಧ ಅಡುಗೆಮನೆಯೇ ನಂಜು. ಬದನೆಕಾಯಿ ನಂಜು. ಕುಂಬಳಕಾಯಿ ನಂಜು. ಒಣಮೀನಂತೂ ಕೇಳಲೇಬೇಡಿ. ಮೊಣಕಾಲು ತರಚಿಕೊಂಡು ಮನೆಗೆ ಬಂದರೆ ಅಜ್ಜಿ ಮೊದಲು ಕೇಳುತ್ತಿದ್ದದ್ದು 'ಎಲ್ಲಿ ಬಿದ್ದೆ' ಅಂತ ಅಲ್ಲ, 'ಮದ್ಯಾನ ಏನ್ ತಿಂದೆ' ಅಂತ. ಅರಿಸಿನ, ಸುಣ್ಣ ಕಲಸಿ ಮೆತ್ತಿ, 'ಇನ್ ಎಂಟ್ ದಿನ ಬದ್ನೆಕಾಯ್ ಕಡೆ ತಿರುಗ್ನೋಡ್ಬೇಡ' ಎಂದು ತೀರ್ಪು ಕೊಡುತ್ತಿದ್ದಳು. ನನಗೆ ಬದನೆಕಾಯಿ ಎಣ್ಣೆಗಾಯಿ ಎಂದರೆ ಪ್ರಾಣ. ಒಂದು ಸಲ ಅತ್ತುಕೊಂಡು ಕೇಳಿದ್ದೆ, ದೇವರು ನಂಜನ್ನೆಲ್ಲ ಉಂಡುಬಿಟ್ಟ ಅಂತೀಯಲ್ಲ, ಬದನೆಕಾಯೀಲಿ ಎಲ್ಲಿಂದ ಬಂತು ಅಂತ. ಅಜ್ಜಿ ಒಂದು ನಿಮಿಷವೂ ತಡವರಿಸಲಿಲ್ಲ. 'ಉಣ್ಣುವಾಗ ಕೈಯಿಂದ ಒಂದಿಷ್ಟು ಚೆಲ್ತು ಕಣ್ಲಾ ಮಗ. ಚೆಲ್ಲಿದ್ದು ಬದ್ನೆ ಗಿಡದ್ ಮೇಲ್ ಬಿತ್ತು.'

ಇದು ಅಜ್ಜಿ ಆ ಕ್ಷಣಕ್ಕೆ ಹೊಸೆದ ಕತೆ ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಭಾಗವತದ ಕತೆ ಓದುವಾಗ ಬೆಚ್ಚಿಬಿದ್ದೆ. ಶಿವ ಹಾಲಾಹಲ ಕುಡಿಯುವಾಗ ಅಂಗೈಯಿಂದ ಒಂದಿಷ್ಟು ಜಾರಿ ಬಿತ್ತು, ಅದನ್ನು ಹಾವು, ಚೇಳು, ಕೆಲವು ಗಿಡಮೂಲಿಕೆಗಳು ತೆಗೆದುಕೊಂಡವು ಎಂದು ಅಲ್ಲಿದೆ. ಬದನೆಗಿಡ ಮಾತ್ರ ಅಜ್ಜಿ ಸೇರಿಸಿದ್ದು.

ಕೊರಳಲ್ಲ, ಊಟ

ಈಗ ಹೆಸರಿಗೆ ಬರೋಣ. ನಂಜು ಕೂಡಿಸು ಉಂಡ, ಲೋಪಸಂಧಿ, ಐದನೇ ಕ್ಲಾಸಿನ ಪಾಠ. ಇದರಲ್ಲಿ ವಿಶೇಷ ಏನು ಅಂದರೆ, ಇದು ಸಂಸ್ಕೃತದ ಹೆಸರುಗಳ ಹಾಗೆ ಬಣ್ಣ ಹೇಳುವುದಿಲ್ಲ. ನೀಲಕಂಠ ಎಂದರೆ ನೀಲಿ ಕೊರಳಿನವನು. ಅದು ಎದುರಿಗೆ ನಿಂತು ನೋಡಿದವರು ಇಟ್ಟ ಹೆಸರು. ಎಲ್ಲ ಮುಗಿದ ಮೇಲೆ ಉಳಿದ ಕಲೆಯ ಹೆಸರು. ಶ್ರೀಕಂಠ ಎನ್ನುವುದೂ ಅಷ್ಟೇ. ಶ್ರೀ ಎಂದರೆ ಇಲ್ಲಿ ವಿಷ ಎಂದು ಬಿಡಿಸಿ ಹೇಳುವವರಿದ್ದಾರೆ, ಆದರೂ ಕಣ್ಣು ಇರುವುದು ಕೊರಳ ಮೇಲೆಯೇ. ಮೈಸೂರು ಸೀಮೆಯವರಿಗೆ ಕೊರಳು ಬೇಕಾಗಲಿಲ್ಲ. ಅವನು ಏನು ಮಾಡಿದ? ಉಂಡ. ಅಷ್ಟೇ. ನನ್ನ ಹೆಸರಿನೊಳಗೆ ಒಂದು ಕ್ರಿಯಾಪದ ಕೂತಿದೆ, ಅದೂ ಭೂತಕಾಲದ್ದು. ಕೆಲಸ ಆಗಿಹೋಗಿದೆ. (ನಮ್ಮಲ್ಲಿ ಹೆಸರು ಮಾತಾಡುವುದು ಹೊಸದೇನಲ್ಲ. ನಾಲ್ಕನೆಯದೂ ಹೆಣ್ಣಾದಾಗ ಸಾಕಮ್ಮ ಎಂದು ಹೆಸರಿಟ್ಟ ಮನೆಗಳನ್ನು ನೀವೂ ನೋಡಿರುತ್ತೀರಿ. ಪಾಪ, ಆ ಸಾಕಮ್ಮಂದಿರು.)

ಆ ಕ್ರಿಯಾಪದ ಯಾವುದು ನೋಡಿ. ಹಾಲಾಹಲ ಎಂದರೆ ಕುಡಿಯುವಂಥದ್ದು. ಕುಡಿದ ಎನ್ನಬಹುದಿತ್ತು, ನುಂಗಿದ ಎನ್ನಬಹುದಿತ್ತು. ನಮ್ಮವರು ಉಂಡ ಎಂದರು. ಉಣ್ಣುವುದು ಎಂದರೆ ಕೂತು, ಎಲೆ ಹಾಕಿ, ಅನ್ನವನ್ನೋ ಮುದ್ದೆಯನ್ನೋ ಸಾರಿನ ಜತೆ ತಿನ್ನುವುದು. ಮನೆಯಲ್ಲಿ ತಿನ್ನುವುದು. ಒಬ್ಬ ಮನುಷ್ಯ ವಿಷವನ್ನು ಉಣ್ಣುತ್ತಾನೆ ಎಂದು ಹೇಳಲು ಸಲಿಗೆ ಬೇಕು. ಆ ಸಲಿಗೆ ಇರುವವರು ಮಾತ್ರ ದೇವರಿಗೆ ಇಂಥ ಹೆಸರು ಇಡಬಲ್ಲರು.

ಇನ್ನೊಂದು ತಮಾಷೆ. ಉಪ್ಪಿನಕಾಯಿ 'ನಂಜಿಕೊಳ್ಳುವುದು' ಅನ್ನುತ್ತೇವಲ್ಲ, ಆ ನಂಜಿಗೂ ಈ ನಂಜಿಗೂ ಸಂಬಂಧ ಇಲ್ಲ. ಕೆಲವರು ಅದನ್ನು ನೆಂಚಿಕೊಳ್ಳುವುದು ಅಂತಲೂ ಅನ್ನುತ್ತಾರೆ. ಆದರೆ ಚಿಕ್ಕವನಿದ್ದಾಗ ನನಗೆ ಎರಡೂ ಒಂದೇ ಆಗಿ ಕೇಳುತ್ತಿತ್ತು. ಶಿವ ಒಂದು ತಟ್ಟೆ ಅನ್ನ ಇಟ್ಟುಕೊಂಡು, ಪಕ್ಕದಲ್ಲಿ ಸ್ವಲ್ಪ ವಿಷ ಹಾಕಿಸಿಕೊಂಡು, ತುದಿಬೆರಳಲ್ಲಿ ನಂಜಿಕೊಂಡು ಊಟ ಮಾಡುವ ಚಿತ್ರ ನನ್ನ ತಲೆಯಲ್ಲಿ ಬಹಳ ವರ್ಷ ಇತ್ತು. ಈಗಲೂ ಪೂರ್ತಿ ಹೋಗಿಲ್ಲ.

ಹೆಸರು ಹಳೆಯದು. 16ನೇ ಶತಮಾನದಲ್ಲಿ ಕುಮಾರರಾಮನ ಕತೆಯನ್ನು ಸಾಂಗತ್ಯದಲ್ಲಿ ಬರೆದ ಕವಿಯ ಹೆಸರು ನಂಜುಂಡ. 1915ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಎಚ್.ವಿ. ನಂಜುಂಡಯ್ಯ. ಮರುವರ್ಷ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಮೊದಲ ಕುಲಪತಿಯೂ ಅವರೇ. ಇನ್ನು ಉತ್ತರ ಕರ್ನಾಟಕದ ಗೆಳೆಯರಿಗೆ ನಂಜುಂಡಪ್ಪ ಎಂದರೆ ದೇವರಲ್ಲ, ವರದಿ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಲೆಕ್ಕ ಕೊಟ್ಟಿತು. ಕಲಬುರಗಿಯ ಸಹೋದ್ಯೋಗಿಯೊಬ್ಬ ನನ್ನನ್ನು ಕಂಡಾಗೆಲ್ಲ 'ಏನ್ರೀ ವರದಿ, ಯಾವಾಗ ಜಾರಿ?' ಎಂದು ಕೇಳುತ್ತಾನೆ. ಮೈಸೂರು, ಚಾಮರಾಜನಗರ, ಮಂಡ್ಯದ ಕಡೆ ನಂಜ, ನಂಜಪ್ಪ, ನಂಜೇಗೌಡ, ನಂಜಮ್ಮ, ನಂಜಮ್ಮಣ್ಣಿ ಎಂದು ಈ ಹೆಸರು ಎಲ್ಲ ಜಾತಿಯ ಮನೆಗಳಲ್ಲೂ ಇದೆ. ಕೊಡಗಿಗೆ ಹೋದರೂ ನಂಜಪ್ಪ ಸಿಗುತ್ತಾರೆ, ನೀಲಗಿರಿಯ ಬಡಗರಲ್ಲೂ ನಂಜನ್ ಇದ್ದಾರೆ.

ಹೊಳೆಯಾಚೆ

ನನಗೆ ಆರೋ ಏಳೋ ವರ್ಷ. ಅಜ್ಜಿ ನನ್ನನ್ನು ನಂಜನಗೂಡಿಗೆ, ನಂಜುಂಡನ ದೊಡ್ಡ ಜಾತ್ರೆಗೆ ಕರೆದುಕೊಂಡು ಹೋಗಿದ್ದಳು. ಮೈಸೂರಿಂದ ರೈಲು. ಕಪಿಲೆಯ ಮೇಲಿನ ಹಳೇ ಸೇತುವೆ ಬಂದಾಗ ರೈಲು ಮೆಲ್ಲಗಾಯಿತು. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಸೇತುವೆ ಅದು. ಆಗ ರೈಲು ಎಂಬುದೇ ಲೋಕದಲ್ಲಿರಲಿಲ್ಲ. ಅದರ ಮೇಲೆ 1890ರ ದಶಕದಿಂದ ರೈಲು ಓಡಿತು. ನನಗಾಗ ಅದೆಲ್ಲ ಏನು ಗೊತ್ತು, ಕಿಟಕಿಯಲ್ಲಿ ತಲೆ ಹಾಕಿ ಕೆಳಗೆ ನೀರು ನೋಡುತ್ತಿದ್ದೆ. ಅಜ್ಜಿ ಚಿಲ್ಲರೆ ಕಾಸು ಕೊಟ್ಟು ಹೊಳೆಗೆ ಎಸೆ ಎಂದಳು. ಎಸೆದೆ, ಅದು ಸೇತುವೆಯ ಕಲ್ಲಿಗೆ ಬಡಿದು ಟಣ್ ಎಂದಿತು. ಹೊಳೆಗೆ ಬೀಳಲಿಲ್ಲ. 'ಇರ್ಲಿ ಬುಡು, ಅವ್ನು ಬಂದು ಎತ್ಕೋತಾನೆ. ಹೆಂಗಿದ್ರೂ ರಾತ್ರಿ ಇದೇ ದಾರೀಲ್ ತಾನೆ ಓಡಾಡೋದು' ಎಂದು ಅಜ್ಜಿ ನಕ್ಕಳು. ಪಕ್ಕದಲ್ಲಿದ್ದ ಹೆಂಗಸರೂ ನಕ್ಕರು. ನನಗೆ ಅರ್ಥವಾಗಲಿಲ್ಲ.

ಅರ್ಥವಾಗಿದ್ದು ಆಮೇಲೆ, ಜನಪದರು ಹಾಡುವ ಚಾಮುಂಡಿಯ ಕತೆ ಕೇಳಿದ ಮೇಲೆ. ಪುರಾಣದ ನಂಜುಂಡ ಲೋಕ ಉಳಿಸಿದವನು. ಹಾಡಿನ ನಂಜುಂಡ ಬೇರೆಯೇ ಗಿರಾಕಿ. ಅವನಿಗೆ ಮನೆಯಲ್ಲಿ ಹೆಂಡತಿ ದೇವೀರಮ್ಮ ಇದ್ದಾಳೆ. ಮನಸ್ಸು ಮಾತ್ರ ಹೊಳೆಯಾಚೆ ಬೆಟ್ಟದ ಮೇಲಿನ ಚಾಮುಂಡಿಯ ಮೇಲೆ. ಚಾಮುಂಡಿಯೇನು ಸುಮ್ಮನೆ ಬಗ್ಗುವವಳಾ, ಮಹಿಷನನ್ನೇ ತುಳಿದವಳು. ಇತ್ತ ದೇವೀರಿಗೆ ವಿಷಯ ಗೊತ್ತಾಗಿ ಇಬ್ಬರು ಹೆಂಗಸರ ನಡುವೆ ಬೈದಾಟ. ನಡುವೆ ಸಿಕ್ಕಿಕೊಂಡ ದೇವರು ಹುಳ್ಳಗೆ ನಗುತ್ತಾ ನಿಂತಿರುತ್ತಾನೆ. ಹಾಲಾಹಲ ಉಂಡು ಜೀರ್ಣಿಸಿಕೊಂಡವನಿಗೆ ಈ ಇಬ್ಬರ ಮಾತು ಜೀರ್ಣವಾಗುವುದಿಲ್ಲ. ಶಿವನಿಗೆ ಪಾರ್ವತಿಯೂ ಗಂಗೆಯೂ ಇರುವ ಹಾಗೆ ಇದೂ ಒಂದು ಎಂದು ಪಂಡಿತರು ಹೇಳಬಹುದು. ಆದರೆ ಬೆಟ್ಟ, ಹೊಳೆ, ಊರು ಮೂರೂ ಕಣ್ಣೆದುರೇ ಇರುವಾಗ ಜನ ಕೈಲಾಸದವರೆಗೆ ಯಾಕೆ ಹೋಗುತ್ತಾರೆ? ಇಪ್ಪತ್ತೈದು ಕಿಲೋಮೀಟರ್ ಒಳಗೇ ಸಂಸಾರ ಮುಗಿಯುತ್ತದೆ.

ಅರಮನೆಯವರ ಹೆಸರುಗಳಲ್ಲೂ ಈ ಜೋಡಿ ಇಣುಕುತ್ತದೆ ಅನ್ನುವುದನ್ನು ಗಮನಿಸಿದ್ದು ಇತ್ತೀಚೆಗೆ. ಒಂದು ಕಡೆ ಸಾಲುಸಾಲು ಚಾಮರಾಜ ಒಡೆಯರು, ನಡುವೆ ನಂಜರಾಜ ಒಡೆಯರು, ಕಳಲೆಯ ದಳವಾಯಿ ನಂಜರಾಜಯ್ಯ. ಹತ್ತನೇ ಚಾಮರಾಜೇಂದ್ರ ಒಡೆಯರ್ 1894ರ ಕೊನೆಗೆ ತೀರಿಕೊಂಡಾಗ, ಮಗ ಚಿಕ್ಕವನೆಂದು 1902ರವರೆಗೆ ಆಳಿದ ರಾಣಿಯ ಹೆಸರು ಕೆಂಪನಂಜಮ್ಮಣ್ಣಿ. ಹೊಳೆಯ ಈಚೆ, ಆಚೆ ಎರಡೂ ಹೆಸರು ಒಂದೇ ಮನೆಯಲ್ಲಿ. ಇದಕ್ಕೆ ಯಾರೂ ಲೆಕ್ಕ ಹಾಕಿ ಕೂತಿರಲಿಕ್ಕಿಲ್ಲ. ಸುಮ್ನೆ ನನ್ನ ಹೆಸರಿನವರನ್ನು ಹುಡುಕುವ ಚಟ ನನಗೆ.

ಜಾತ್ರೆಯ ದಿನ ಐದು ತೇರು ಎಳೆಯುತ್ತಾರೆ. ದೊಡ್ಡದು ಅವನದು. ಅಜ್ಜಿ ನನ್ನ ಕೈಗೆ ಹಣ್ಣು ಜವನ ಕೊಟ್ಟಳು. ಬಾಳೆಹಣ್ಣಿಗೆ ಜವನದ ಕಡ್ಡಿ ಚುಚ್ಚಿ ತೇರಿನ ಮೇಲೆ ಎಸೆಯಬೇಕು. ನಾನು ಎಸೆದದ್ದು ಮುಂದಿದ್ದ ಯಾರದೋ ಬೋಳು ತಲೆಗೆ ಬಿತ್ತು. ಮುಡಿ ಕೊಟ್ಟು ಬಂದ ಹೊಸ ಬೋಳು, ಅರಿಸಿನವೋ ಗಂಧವೋ ಹಚ್ಚಿಕೊಂಡಿದ್ದರು. ಅವರು ತಿರುಗಿ ನೋಡಿ, ಹಣ್ಣು ಎತ್ತಿ ಕಣ್ಣಿಗೊತ್ತಿಕೊಂಡು, ತಾವೇ ತೇರಿಗೆ ಎಸೆದರು. ಗುಡಿಯ ಸುತ್ತ ಒದ್ದೆ ಬಟ್ಟೆಯಲ್ಲಿ ಉರುಳುತ್ತಿದ್ದವರನ್ನು ನಾನು ಹೆದರಿಕೊಂಡು ನೋಡುತ್ತಿದ್ದೆ. ಅದರಲ್ಲೂ ನನ್ನಷ್ಟೇ ಇದ್ದ ಒಬ್ಬ ಹುಡುಗ, ಮೈತುಂಬ ಕಜ್ಜಿ. ಅವನಪ್ಪ ಅವನನ್ನು ಎರಡೂ ಕೈಯಲ್ಲಿ ಮೆಲ್ಲಗೆ ಉರುಳಿಸುತ್ತಾ ಮೊಣಕಾಲ ಮೇಲೆ ಹಿಂದೆಯೇ ಹೋಗುತ್ತಿದ್ದ. 'ಅವ್ನ್ ಹೆಸ್ರೂ ನಂದೇನಾ?' ಎಂದು ಅಜ್ಜಿಯನ್ನು ಕೇಳಿದೆ. 'ಆಗ್ಬೋದು' ಎಂದಳು. ಆದೀತು ಅನ್ನುವ ಅರ್ಥದಲ್ಲೋ, ಇನ್ನು ಮೇಲೆ ಆಗಬಹುದು ಅನ್ನುವ ಅರ್ಥದಲ್ಲೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹಕೀಮ

ಟಿಪ್ಪುವಿನ ಆನೆಯ ಕತೆ ನಂಜನಗೂಡಿಗೆ ಹೋದವರಿಗೆಲ್ಲ ಗೊತ್ತು. ಪಟ್ಟದಾನೆಯ ಕಣ್ಣು ಹೋಯಿತು, ಯಾರ ಮದ್ದಿಗೂ ಬಗ್ಗಲಿಲ್ಲ, ಕೊನೆಗೆ ಇಲ್ಲಿ ಪೂಜೆ ಮಾಡಿಸಿ ತೀರ್ಥ ಹಾಕಿದರೆ ದೃಷ್ಟಿ ಬಂತು, ಟಿಪ್ಪು ಪಚ್ಚೆಲಿಂಗ ಕೊಟ್ಟು ಹಕೀಮ ನಂಜುಂಡ ಎಂದು ಕರೆದ ಎನ್ನುತ್ತಾರೆ. ನನಗೆ ಇಷ್ಟವಾಗುವುದು ಆನೆಯಲ್ಲ, ಆ ಪದ. ಹಕೀಮ. ವೈದ್ಯ. ಕುಡಿದ ಎಂದೋ ತ್ಯಾಗಿ ಎಂದೋ ಅಲ್ಲ. ನಂಜು ಏನು ಎಂದು ಸ್ವತಃ ತಿಂದು ನೋಡಿ ತಿಳಿದವನು ನಂಜು ಇಳಿಸಬಲ್ಲ ಎಂಬ ಲೆಕ್ಕ ಜನರದು. ಕಜ್ಜಿ, ಹುಣ್ಣು, ಮಾಯದ ಗಾಯ ಹೊತ್ತುಕೊಂಡೇ ಜನ ಅಲ್ಲಿಗೆ ಹೋಗುತ್ತಿದ್ದದ್ದು. ಅಲ್ಲಿಯ ಮಣ್ಣನ್ನು ಮೃತ್ತಿಕೆ ಎಂದು ಕಟ್ಟಿಕೊಂಡು ಬಂದು ಹಚ್ಚುತ್ತಿದ್ದರು. ಸಮುದ್ರಮಥನದ ದೊಡ್ಡ ಕತೆ ಹೀಗೆ ಹಳ್ಳಿಯ ಮಟ್ಟಿಗೆ ಚರ್ಮರೋಗದ ಡಾಕ್ಟರ ಕತೆಯಾಗಿದೆ. ಇದರಲ್ಲಿ ಕತೆ ಸಣ್ಣದಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಉಪಯೋಗಕ್ಕೆ ಬಂತು.

ಹೀಗೆ ಯೋಚನೆ ಮಾಡುತ್ತಾ ಹೋದಾಗಲೇ ನನ್ನ ಹೆಸರಿನ ಬಗ್ಗೆ ಅವ್ವನಿಗೆ ಫೋನ್ ಮಾಡಿದ್ದು. ಮನೆಯ ಹಿರಿಯರ ಹೆಸರು ಅಂದುಕೊಂಡಿದ್ದೆ. ಅವ್ವ ನಕ್ಕಳು. 'ಯಾವ ಹಿರೀಕರು? ನಿಂಗೆ ಪ್ರದೀಪ ಅಂತ ಮಡುಗ್ಬೇಕು ಅಂತಿತ್ತು ಕಣೋ.' ಹುಟ್ಟಿದ ಆರನೇ ದಿನಕ್ಕೆ ನನ್ನ ಹೊಕ್ಕುಳು ನಂಜಾಯಿತಂತೆ. ಸುತ್ತ ಕೆಂಪು, ವಾಸನೆ, ಮೈ ಕೆಂಡ. ಹಾಲು ಬಿಟ್ಟೆನಂತೆ. ಮಳೆಗಾಲ, ಆಸ್ಪತ್ರೆ ದೂರ, ಅಪ್ಪ ಎಲ್ಲಿಂದಲೋ ಜೀಪು ಹೊಂಚಿಕೊಂಡು ಬರುವಷ್ಟರಲ್ಲಿ ಒಂದು ಇಡೀ ರಾತ್ರಿ ಕಳೆದಿತ್ತು. ಆ ರಾತ್ರಿ ಅಜ್ಜಿ ನನ್ನನ್ನು ಮಡಿಲಲ್ಲಿ ಹಾಕಿಕೊಂಡು, ಒಂದು ರೂಪಾಯಿಯನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ, 'ನಂಜುಂಡಪ್ಪ, ಈ ಕೂಸಿನ್ ನಂಜ ನೀ ಉಣ್ಣಪ್ಪ, ನಿನ್ ಹೆಸ್ರೇ ಮಡುಗ್ತೀನಿ' ಅಂದಳಂತೆ. ಬೆಳಗ್ಗೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಹತ್ತು ದಿನ ಇಟ್ಟುಕೊಂಡರು, ಉಳಿದೆ. ಉಳಿಸಿದ್ದು ಇಂಜೆಕ್ಷನ್ ಎಂದು ನನಗೆ ಗೊತ್ತು, ಅವ್ವನಿಗೂ ಗೊತ್ತು. ಅಜ್ಜಿಗೂ ಗೊತ್ತಿತ್ತಂತೆ. 'ಸೂಜಿ ಚುಚ್ಚಿದ್ ಡಾಕ್ಟ್ರು ದುಡ್ ಇಸ್ಕೊಂಡ್ರಲ್ಲ, ಲೆಕ್ಕ ಚುಕ್ತಾ ಆಯ್ತು. ಇವನ್ ಲೆಕ್ಕ ಬಾಕಿ ಐತಲ್ಲ' ಎಂದು ಪ್ರದೀಪನನ್ನು ಅಳಿಸಿ ನಂಜುಂಡನನ್ನು ಬರೆಸಿದಳಂತೆ.

ಅಂದರೆ ನನ್ನ ಹೆಸರು ಗುಣವಾಚಕ ಅಲ್ಲ, ಆದರ್ಶವೂ ಅಲ್ಲ. ರಸೀದಿ. ಇಷ್ಟು ದಿನ ನೆಂಟರಿಷ್ಟರು, ಮೇಷ್ಟ್ರು, ಒಬ್ಬ ಮ್ಯಾನೇಜರ್ ಕೂಡ, 'ನಿಮ್ಮ ಹೆಸರೇ ನಂಜುಂಡ, ಸ್ವಲ್ಪ ನುಂಗ್ಕೊಂಡ್ ಹೋಗಿ' ಎಂದು ಬುದ್ಧಿ ಹೇಳಿದ್ದರು. ನಾನೂ ಎಷ್ಟೋ ನುಂಗಿಕೊಂಡಿದ್ದೆ. ಅವ್ವನ ಜತೆ ಮಾತಾಡಿದ ಮೇಲೆ ಒಂದು ನಿರಾಳ. ಉಂಡವನು ನಾನಲ್ಲ, ಅವನು. ನನ್ನದು ಉಣ್ಣಿಸಿಕೊಂಡ ಪಾರ್ಟಿ.

ಕಳೆದ ತಿಂಗಳು ಗೇಟಿನ ತುಕ್ಕು ಹಿಡಿದ ಕಬ್ಬಿಣ ಅಂಗೈಗೆ ತಾಗಿ ಆಳವಾಗಿ ಕೊಯ್ದುಕೊಂಡಿತು. ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಮೂರು ಹೊಲಿಗೆ, ಒಂದು ಟಿಟಿ. ಬ್ಯಾಂಡೇಜ್ ಕಟ್ಟಿದ ಸಿಸ್ಟರ್ ಗುಂಡ್ಲುಪೇಟೆ ಕಡೆಯವರು, ಮಾತಲ್ಲೇ ಗೊತ್ತಾಯಿತು. ಮಾತ್ರೆ ಯಾವಾಗ, ಡ್ರೆಸ್ಸಿಂಗ್ ಯಾವಾಗ ಎಂದು ಚೀಟಿಯಲ್ಲಿ ಬರೆದು, ತಲೆ ಎತ್ತದೆ ಹೇಳಿದರು: 'ಒಂದು ವಾರ ಬದನೆಕಾಯಿ ತಿನ್ಬೇಡಿ ಸಾರ್, ನಂಜು. ಹೆಸರೇನಂದ್ರಿ?'

ಹೇಳಿದೆ. ಪೆನ್ನು ನಿಂತಿತು. ಒಮ್ಮೆ ನನ್ನನ್ನು ನೋಡಿದರು, ತುಟಿ ಕಚ್ಚಿ ನಗು ತಡೆದುಕೊಂಡರು. 'ಹಂಗಾದ್ರೆ ನಿಮ್ಮಿಷ್ಟ' ಎಂದರು.

ಆ ರಾತ್ರಿ ಮನೆಯಲ್ಲಿ ಎಣ್ಣೆಗಾಯಿ. ಹೆಂಡತಿ ಬೇಡ ಬೇಡ ಅಂದಳು. ಬಲಗೈಗೆ ಬ್ಯಾಂಡೇಜು, ಎಡಗೈಯಲ್ಲಿ ಚಮಚ ಹಿಡಿದು, ಎರಡು ಹಾಕಿಸಿಕೊಂಡು ಉಂಡೆ.